ಫುಂಡಿ ಮತ್ತು ಫುಂಡಿಚುಮಾ

ಕೀನ್ಯಾದಲ್ಲಿದ್ದ ಹನ್ನೊಂದು ತಿಂಗಳು ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಮಿಲ್ಲಿನ ವಾಚ್‌ಮನ್‌ನಿಂದ ಹಿಡಿದು ಬಾಡಿಗೆ ಬೈಕ್ ಓಡಿಸುವ ಹುಡುಗರವರೆಗೆ ಎಲ್ಲರಿಗೂ ನಾನು 'ಫುಂಡಿ'. ಸ್ವಾಹಿಲಿ ಭಾಷೆಯಲ್ಲಿ ಫುಂಡಿ ಅಂದರೆ ಕೈಕೆಲಸ ಬಲ್ಲವನು. ನಮ್ಮಲ್ಲಿ ಮೇಸ್ತ್ರಿ ಅಂತೀವಲ್ಲ, ಹಾಗೆ. ಬಟ್ಟೆ ಹೊಲಿಯುವವನೂ ಫುಂಡಿ, ಗಾರೆಯವನೂ ಫುಂಡಿ, ಸೈಕಲ್ ಪಂಕ್ಚರ್ ಹಾಕುವವನೂ ಫುಂಡಿ. ಅಕ್ಕಿ ಗಿರಣಿಯ ಫಿಟ್ಟರ್ ಆದ ನಾನೂ ಫುಂಡಿ.

ಹೋಗಿ ಎರಡನೇ ವಾರ ಇರಬೇಕು. ಭತ್ತ ಮೇಲಕ್ಕೆ ಸಾಗಿಸುವ ಎಲಿವೇಟರಿನ ಗುಂಡಿಯಲ್ಲಿ ಇಳಿದು ಬೆಲ್ಟ್ ಜೋಡಿಸುತ್ತಿದ್ದೆ. ಹೊರಗೆ ಹೆಲ್ಪರ್ ಹುಡುಗ "ಫುಂಡಿಚುಮಾ, ಫುಂಡಿಚುಮಾ" ಅಂತ ಕೂಗಿದ. ನನ್ನನ್ನೇ ಕರೆದ ಅಂದುಕೊಂಡು ಸ್ಪ್ಯಾನರ್ ಹಿಡಿದುಕೊಂಡೇ ಹತ್ತಿ ಬಂದೆ. ಅವನು ನನ್ನ ಕಡೆ ನೋಡಲೂ ಇಲ್ಲ. ಕಾಲುವೆ ಕಡೆ ಕೈ ಮಾಡಿ ನಗುತ್ತಿದ್ದ. ಏರಿ ಮೇಲೆ ಕಂದು ಬಣ್ಣದ ಒಂದು ಹಕ್ಕಿ, ಬಾಯಲ್ಲಿ ತನಗಿಂತ ಉದ್ದದ ಕಡ್ಡಿ ಕಚ್ಚಿಕೊಂಡು, ಆ ಕಡೆ ಎಳೆಯಲಾ ಈ ಕಡೆ ಎಳೆಯಲಾ ಅಂತ ಒದ್ದಾಡುತ್ತಿತ್ತು. ಚುಮಾ ಅಂದರೆ ಕಬ್ಬಿಣ. ಫುಂಡಿಚುಮಾ ಅಂದರೆ ಕಬ್ಬಿಣದ ಕೆಲಸದವನು, ನಮ್ಮ ಕಮ್ಮಾರ. ಹಕ್ಕಿಗೆ ಅಲ್ಲಿ ಇಟ್ಟಿರುವ ಹೆಸರೇ ಅದು. ಒಂದೇ ಊರಲ್ಲಿ ಕಬ್ಬಿಣದ ಕೆಲಸದವರು ಇಬ್ಬರಾದೆವು.

ನಾನು ಹುಟ್ಟಿದ್ದು ಮಲೇಬೆನ್ನೂರಿನಲ್ಲಿ. ಈಗ ಇರೋದು ದಾವಣಗೆರೆ. ಭದ್ರಾ ಕಾಲುವೆ ನೀರು, ಎರಡು ಬೆಳೆ ಭತ್ತ, ಹೆಜ್ಜೆಗೊಂದು ರೈಸ್ ಮಿಲ್. ಐಟಿಐ ಮುಗಿಸಿದ್ದೇ ಮಿಲ್ ಸೇರಿದೆ. ಇಪ್ಪತ್ತೆಂಟು ವರ್ಷ ಶೆಲ್ಲರ್, ಪಾಲಿಶರ್, ಬಾಯ್ಲರ್ ಅಂತಲೇ ಕಳೆಯಿತು. 2019ರ ಜನವರಿಯಲ್ಲಿ, ಮಶೀನು ಮಾರಿದವರು ಕೀನ್ಯಾದ ಮ್ವೇಆ ಅನ್ನೋ ಕಡೆ ಒಂದು ಮಿಲ್ ಕೂರಿಸಿ, ನಡೆಸಿ ತೋರಿಸಿ ಬಾ ಅಂದರು. ಸಂಬಳ ಇಲ್ಲಿಯ ಮೂರರಷ್ಟು. ಮನೆ ಮೇಲೆ ಎರಡನೇ ಅಂತಸ್ತು ಕಟ್ಟಿಸುತ್ತಿದ್ದ ಹೊತ್ತು ಅದು. ಸ್ಲ್ಯಾಬ್ ಹಾಕಿ ಕೈ ಖಾಲಿಯಾಗಿತ್ತು. ಹೊರಟೆ.

ಮ್ವೇಆ ನೋಡಿ ನನಗೆ ನಗುವೇ ಬಂತು. ಅಷ್ಟು ದೂರ ವಿಮಾನದಲ್ಲಿ ಕೂತು ಬಂದರೆ ಮತ್ತೆ ಅದೇ ಅಚ್ಚುಕಟ್ಟು! ನೈರೋಬಿಯಿಂದ ಸುಮಾರು 100 ಕಿ.ಮೀ. ಕೀನ್ಯಾ ಪರ್ವತದ ಬುಡ. ಥೀಬಾ, ನ್ಯಾಮಿಂಡಿ ಅಂತ ಎರಡು ನದಿ. ಅವುಗಳ ನೀರು ಕಾಲುವೆಗೆ ಬಿಟ್ಟು 1950ರ ದಶಕದಿಂದ ಭತ್ತ ಬೆಳೆಯುತ್ತಾರೆ. ನೆಲವೂ ನಮ್ಮ ಹಾಗೆ ಕಪ್ಪು ಎರೆ, ಮಳೆ ಬಂದರೆ ಚಪ್ಪಲಿ ಬಿಡಲ್ಲ. ಕೆಸರುಗದ್ದೆಯಲ್ಲಿ ಎತ್ತು ಕಟ್ಟಿ ರೊಳ್ಳೆ ಹೊಡೆಯುತ್ತಾರೆ. ಎತ್ತಿನ ಹಿಂದೆ ಬೆಳ್ಳಕ್ಕಿ ಸಾಲು. ಅಲ್ಲಿ ಬೆಳೆಯುವ ಪಿಶೋರಿ ಅನ್ನೋ ಅಕ್ಕಿ ಬಾಸ್ಮತಿ ಹಾಗೆ ಘಮ ಅನ್ನುತ್ತೆ. ಪಾಲಿಶರ್ ಮುಂದೆ ನಿಂತರೆ ಊಟ ಮಾಡಿದವನಿಗೂ ಮತ್ತೆ ಹಸಿವಾಗಬೇಕು, ಅಂಥ ವಾಸನೆ. ಎಲ್ಲ ನಮ್ಮೂರಿನದೇ. ಕಮ್ಮಾರ ಹಕ್ಕಿ ಒಂದೇ ಹೊಸದು.

ಮೊದಲ ನೋಟಕ್ಕೆ ಅದು ಏನೂ ಅಲ್ಲ. ಕುಂದುವಾಡ ಕೆರೆಯಲ್ಲಿ ಬಣ್ಣದ ಕೊಕ್ಕರೆ ನೋಡಿದ ಕಣ್ಣಿಗೆ ಇದು ತೀರಾ ಸಪ್ಪೆ. ಮೈಯೆಲ್ಲ ಒಂದೇ ಕಂದು, ಹಳೇ ಗ್ರೀಸ್ ಮೆತ್ತಿ ಒಣಗಿದ ಕಬ್ಬಿಣದ ಹಾಗೆ. ಬೆನ್ನಿಗೆ ಬಿಸಿಲು ಬಿದ್ದಾಗ ಮಾತ್ರ ಸಣ್ಣಗೆ ನೇರಳೆ ಮಿಂಚು. ನೀರಿನ ಮೇಲೆ ಎಣ್ಣೆ ಚೆಲ್ಲಿದಾಗ ಕಾಣುತ್ತಲ್ಲ, ಅಷ್ಟೇ. ಬಾಲದಲ್ಲಿ ಗಾಢ ಪಟ್ಟೆಗಳು. ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 56 ಸೆಂ.ಮೀ. ತೂಕ ಅರ್ಧ ಕೆ.ಜಿ.ಯೂ ಇಲ್ಲ, 470 ಗ್ರಾಂ ಆಸುಪಾಸು. ನೋಡಲು ನಾಟಿ ಕೋಳಿಯಷ್ಟು, ತೂಗಿದರೆ ಅದರ ಅರ್ಧವೂ ಬರಲ್ಲ. ನೀರಲ್ಲಿ ನಡೆದು ತಿನ್ನುವ ಹಕ್ಕಿಗೆ ಕಾಲು, ಕತ್ತು ಉದ್ದ ಇರಬೇಕು ಅಲ್ವಾ? ಇದಕ್ಕೆ ಎರಡೂ ಮೋಟು. ಕೊಕ್ಕರೆ ಮಾಡಲು ಹೊರಟು ಸಾಮಾನು ಸಾಲದೆ ಅರ್ಧಕ್ಕೆ ನಿಲ್ಲಿಸಿದ ಹಾಗಿದೆ.

ಆದರೆ ತಲೆ ನೋಡಬೇಕು. ಮುಂದೆ ಕಪ್ಪು ಕೊಕ್ಕು. ಉದ್ದ, ಎರಡು ಪಕ್ಕದಿಂದ ಒತ್ತಿ ಚಪ್ಪಟೆ ಮಾಡಿದ ಹಾಗೆ, ತುದಿಯಲ್ಲಿ ಚೂರು ಕೊಕ್ಕೆ. ಹಿಂದೆ ಅಷ್ಟೇ ಉದ್ದದ ಗರಿಯ ಜುಟ್ಟು, ನೇರ ಹಿಂದಕ್ಕೆ ಚಾಚಿಕೊಂಡಿದೆ. ಪಕ್ಕದಿಂದ ನೋಡಿದರೆ ಅಚ್ಚು ಮೊಳೆ ಕೀಳುವ ಸುತ್ತಿಗೆ! ಒಂದು ಕಡೆ ಹೊಡೆಯೋದು, ಇನ್ನೊಂದು ಕಡೆ ಕೀಳೋದು. ದಕ್ಷಿಣ ಆಫ್ರಿಕಾದ ಡಚ್ಚರ ಭಾಷೆಯಿಂದ ಬಂದ 'ಹ್ಯಾಮರ್‌ಕಾಪ್' ಅನ್ನೋ ಹೆಸರಿಗೂ ಸುತ್ತಿಗೆ ತಲೆ ಅಂತಲೇ ಅರ್ಥ. ಬಿಳಿಯರಿಗೂ ಸ್ವಾಹಿಲಿಯವರಿಗೂ ಈ ಹಕ್ಕಿ ನೋಡಿ ನೆನಪಾದದ್ದು ಕಬ್ಬಿಣದ ಕೆಲಸವೇ.

ಗಂಡು ಯಾವುದು, ಹೆಣ್ಣು ಯಾವುದು ಅಂತ ಹೇಳೋಕೆ ಆಗಲ್ಲ. ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಮಿಲ್ಲಿನ ಹಿಂದಿನ ಜೋಡಿಯಲ್ಲಿ ಒಂದಕ್ಕೆ ಬಾಲದ ಗರಿ ಮುರಿದಿತ್ತು. ಅದಕ್ಕೆ ಮೋಟ ಅಂತ ಹೆಸರಿಟ್ಟೆ. ಇನ್ನೊಂದಕ್ಕೆ ಹೆಸರು ಇಡಲಿಲ್ಲ. ಮೋಟನ ಜೊತೆಗಾರ, ಅಷ್ಟೇ.

ಕುಲದಲ್ಲೂ ಇದು ಒಂಟಿ. ಬೆಳ್ಳಕ್ಕಿ, ಬಕ, ಕೊಕ್ಕರೆ ಎಲ್ಲಕ್ಕೂ ದಾಯಾದಿಗಳ ದೊಡ್ಡ ಬಳಗ ಇದೆ. ಇದರ ಕುಟುಂಬದಲ್ಲಿ ಈಗ ಬದುಕಿರೋದು ಇದೊಂದೇ ಜಾತಿ. ಮೊದಲು ಕೊಕ್ಕರೆಗೆ ಹತ್ತಿರ ಅಂತಿದ್ದರು. ಆಮೇಲೆ ವಂಶವಾಹಿ ಪರೀಕ್ಷೆ ಮಾಡಿ ಹೆಜ್ಜಾರ್ಲೆಗೂ, ಬೂಟಿನಂಥ ಕೊಕ್ಕಿರುವ ಶೂಬಿಲ್‌ಗೂ ಹತ್ತಿರ ಅಂತ ತೀರ್ಮಾನಕ್ಕೆ ಬಂದಿದ್ದಾರೆ. ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕಾ, ಮಡಗಾಸ್ಕರ್, ಅರೇಬಿಯಾದ ನೈಋತ್ಯ ಮೂಲೆ. ಇಷ್ಟೇ ಇದರ ಸೀಮೆ. ನಮ್ಮ ಕಡೆ ಹುಡುಕಿದರೆ ಸಿಗಲ್ಲ.

ಮಿಲ್ಲಿನ ಹಿಂಬಾಗಿಲು ತೆರೆದರೆ ಕಾಲುವೆ. ಬೆಳಗ್ಗೆ ಚಹಾ ಲೋಟ ಹಿಡಿದು ಅಲ್ಲಿ ಕೂರುತ್ತಿದ್ದೆ. ಅಲ್ಲಿಯ ಚಹಾ ಬಗ್ಗೆ ಒಂದು ಮಾತು ಹೇಳಲೇಬೇಕು: ಹಾಲು ಧಾರಾಳ, ಸಕ್ಕರೆ ಅದಕ್ಕಿಂತ ಧಾರಾಳ. ನಮ್ಮ ಮಂಡಕ್ಕಿ ಮಿರ್ಚಿ ಒಂದು ಇದ್ದಿದ್ದರೆ ನಾನು ವಾಪಸ್ ಬರುತ್ತಿರಲಿಲ್ಲವೇನೋ.

ಮೋಟ ಆ ಹೊತ್ತಿಗೆ ಕೆಲಸಕ್ಕೆ ಇಳಿದಿರುತ್ತಿತ್ತು. ಕಾಲುವೆಯಿಂದ ಗದ್ದೆಗೆ ನೀರು ತಿರುಗುವ ಕಡೆ, ಪಾದ ಮುಳುಗುವಷ್ಟು ನೀರಲ್ಲಿ. ಬಕ ಇರುತ್ತಲ್ಲ, ಅದು ಕಲ್ಲಿನ ಹಾಗೆ ನಿಂತು ಕಾಯುತ್ತೆ. ಮೋಟನಿಗೆ ಆ ತಾಳ್ಮೆ ಇಲ್ಲ. ಒಂದು ಕಾಲು ಮುಂದಿಟ್ಟು ಕೆಸರನ್ನು ಗಡಗಡ ಅಲ್ಲಾಡಿಸುತ್ತೆ, ಆಮೇಲೆ ಇನ್ನೊಂದು ಕಾಲು. ಅಕ್ಕಿ ಜರಡಿ ನಡುಗುತ್ತಲ್ಲ, ಅದೇ ನಡುಕ. ಕೆಸರಲ್ಲಿ ಅಡಗಿದ್ದ ಕಪ್ಪೆ ಎದ್ದು ಹಾರಬೇಕು, ಇದು ಟಪ್ ಅಂತ ಕಚ್ಚಬೇಕು. ಕೆಲವು ಸಲ ರೆಕ್ಕೆಯನ್ನೂ ಫಟ್ ಅಂತ ಬಿಚ್ಚಿ ಬೆದರಿಸುತ್ತಿತ್ತು. ಕಪ್ಪೆ ಸಿಕ್ಕರೆ ಏರಿ ಮೇಲೆ ತಂದು ಒಂದೆರಡು ಸಲ ಕುಕ್ಕಿ, ತಲೆ ಮೇಲೆತ್ತಿ ನುಂಗಿಬಿಡುತ್ತಿತ್ತು.

ಕಪ್ಪೆ ಮತ್ತು ಕಪ್ಪೆಮರಿ ಅದರ ಮುಖ್ಯ ಊಟ. ಜೊತೆಗೆ ಸಣ್ಣ ಮೀನು, ಸೀಗಡಿ, ಹುಳ, ಸಿಕ್ಕರೆ ಇಲಿಮರಿ. ಎತ್ತು ಗದ್ದೆ ತುಳಿಯುವಾಗ ಬೆಳ್ಳಕ್ಕಿ ಜೊತೆ ಇದೂ ಹಿಂದೆ ಬೀಳುತ್ತೆ. ನದಿ ಇರುವ ಕಡೆ ನೀರಾನೆ ಬೆನ್ನ ಮೇಲೆ ನಿಂತು ಮೀನು ಹಿಡಿಯುತ್ತಂತೆ. ನಾನು ಅದನ್ನು ನೋಡಲಿಲ್ಲ. ಆದರೆ ಇನ್ನೊಂದು ಆಟ ಕಣ್ಣಾರೆ ನೋಡಿದೆ. ಏಪ್ರಿಲ್‌ನಲ್ಲಿ ಅಲ್ಲಿ ದೊಡ್ಡ ಮಳೆ ಶುರುವಾಗುತ್ತೆ. ಮಿಲ್ಲಿನ ಪಕ್ಕದ ಗುಂಡಿ ತುಂಬಿ ಕಪ್ಪೆಮರಿ ಕಪ್ಪಗೆ ಗಿಜಿಗುಡುತ್ತಿದ್ದವು. ಮೋಟ ನೀರಿಗೆ ಇಳಿಯಲೇ ಇಲ್ಲ. ಗಾಳಿಗೆ ಎದುರಾಗಿ ನಿಧಾನ ಹಾರುತ್ತಾ, ಕಾಲು ಕೆಳಗೆ ಬಿಟ್ಟುಕೊಂಡು, ನೀರಿನ ಮೇಲೆ ಒಂದು ಗಳಿಗೆ ತೂಗಾಡಿ ಒಂದು ಮರಿ ಎತ್ತಿಕೊಂಡಿತು. ಮುಂದೆ ಹೋಗಿ ಇನ್ನೊಂದು. ತಿರುಗಿ ಬಂದು ಮತ್ತೊಂದು. ಅಗಲ ರೆಕ್ಕೆ, ಹಗುರ ಮೈ, ಅದಕ್ಕೇ ಸಾಧ್ಯ. ಸರ್ಕಾರಿ ಬಸ್ಸಿನ ಕಂಡಕ್ಟರ್ ಸೀಟು ಸೀಟಿಗೂ ಹೋಗಿ ಟಿಕೆಟ್ ಹರಿದ ಹಾಗಿತ್ತು.

ಮಧ್ಯಾಹ್ನ ಅದಕ್ಕೂ ರಜೆ. ಮರದ ನೆರಳಲ್ಲಿ ಕೂತು ಮೈ ಕೆರೆದುಕೊಳ್ಳೋದು. ಅದರ ನಡುಬೆರಳ ಉಗುರಿನ ಅಂಚಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ, ಗರಿ ಬಾಚಿಕೊಳ್ಳೋಕೆ. ದೇವರು ಕೊಟ್ಟ ಟೂಲ್ ಕಿಟ್ ಅಂದರೆ ಇದು. ನನ್ನದು ಹದಿನೆಂಟು ಕೆ.ಜಿ. ಇತ್ತು, ಏರ್‌ಪೋರ್ಟಿನಲ್ಲಿ ಅದಕ್ಕೆ ಬೇರೆ ದುಡ್ಡು ಕಟ್ಟಿಸಿಕೊಂಡರು.

ಇಷ್ಟೇ ಆಗಿದ್ದರೆ ಇದನ್ನೆಲ್ಲ ಬರೆಯುತ್ತಿರಲಿಲ್ಲ. ನನ್ನ ತಲೆ ಕೆಡಿಸಿದ್ದು ಅದರ ಮನೆ.

ಕಾಲುವೆ ಆಚೆ ದಡದಲ್ಲಿ ಒಂದು ದೊಡ್ಡ ಮರ ಇತ್ತು. ನಮ್ಮ ಅತ್ತಿ ಜಾತಿಯದು. ಅಲ್ಲಿ ಮುಗುಮೋ ಅಂತಾರೆ. ಕಿಕುಯು ಜನಕ್ಕೆ ಅದು ದೇವರ ಮರ, ನಮಗೆ ಅರಳಿ ಇದ್ದ ಹಾಗೆ, ಕೊಡಲಿ ಹಾಕಲ್ಲ. ಅದರ ಕವಲಿನಲ್ಲಿ ಒಂದು ಹುಲ್ಲು ಬಣವೆ ಕೂತಿತ್ತು. ಪ್ರವಾಹ ಬಂದಾಗ ಸಿಕ್ಕಿಕೊಂಡ ಕಸ ಅಂದುಕೊಂಡಿದ್ದೆ. ಅಷ್ಟು ಎತ್ತರಕ್ಕೆ ಪ್ರವಾಹ ಬರೋಕೆ ಹೇಗೆ ಸಾಧ್ಯ ಅಂತ ಒಂದು ವಾರ ಬಿಟ್ಟು ಹೊಳೆಯಿತು. ಹೆಲ್ಪರ್ ಹುಡುಗ ಹೇಳಿದ, ಅದು ಫುಂಡಿಚುಮಾ ಮನೆ. ಅರ್ಧ ಕೆ.ಜಿ. ಹಕ್ಕಿಗೆ ಆಳು ಮಲಗುವಷ್ಟು ಮನೆಯಾ? ಕೋತಿ ಮಾಡಬೇಡ ಅಂದೆ. ಅವನು ಇನ್ನೊಂದು ಮರ ತೋರಿಸಿದ. ಅಲ್ಲೂ ಒಂದು ಬಣವೆ, ಅದರಲ್ಲಿ ಜೇನು ಕೂತಿತ್ತು. ಆಚೆ ಇನ್ನೊಂದು ಅರ್ಧಂಬರ್ಧ, ಅದರ ಮೇಲೆ ಈಜಿಪ್ಟ್ ಹೆಬ್ಬಾತಿನ ಜೋಡಿ ಯಜಮಾನರ ಹಾಗೆ ನಿಂತಿತ್ತು. ಮೂರೂ ಮೋಟನ ಜೋಡಿ ಕಟ್ಟಿದ್ದು ಅಂದ.

ಏಪ್ರಿಲ್ ಕೊನೆಯ ಒಂದು ರಾತ್ರಿ ಜೋರು ಗಾಳಿ ಮಳೆ. ಬೆಳಗ್ಗೆ ನೋಡಿದರೆ ಮುಗುಮೋ ಮರದ ಕವಲೇ ಸೀಳಿ, ಮನೆ ದಡಕ್ಕೆ ಬಿದ್ದಿತ್ತು. ಟೇಪ್ ತೆಗೆದುಕೊಂಡು ಓಡಿದೆ. ಫಿಟ್ಟರ್ ಬುದ್ಧಿ, ಏನು ಮಾಡೋದು.

ಹುಡುಗ ಮಾತ್ರ ದೂರ ನಿಂತ. ಮುಟ್ಟಬೇಡ ಫುಂಡಿ, ಇದರ ಮನೆ ಮುಟ್ಟಿದವರಿಗೆ ಸಿಡಿಲು ಹೊಡೆಯುತ್ತೆ ಅಂತ ನಮ್ಮಜ್ಜ ಹೇಳಿದ್ದಾನೆ ಅಂದ. ಆಫ್ರಿಕಾದ ಬೇರೆ ಬೇರೆ ಕಡೆ ಇಂಥ ನಂಬಿಕೆ ಇದೆ. ದಕ್ಷಿಣದ ಕಡೆ ಇದನ್ನು ಸಿಡಿಲ ಹಕ್ಕಿ ಅಂತಲೇ ಕರೆಯುತ್ತಾರೆ. ರಾತ್ರಿ ಸಿಡಿಲು ಬಂದಿದ್ದೂ ನಿಜ. ಒಳಗೊಳಗೇ ಅಳುಕಾಯಿತು. ಆದರೂ ಖಾಲಿ ಮನೆ ತಾನೇ, ಒಳಗೆ ಮೊಟ್ಟೆ ಮರಿ ಏನೂ ಇರಲಿಲ್ಲ ಅಂತ ಸಮಾಧಾನ ಮಾಡಿಕೊಂಡು ಟೇಪ್ ಹಿಡಿದೆ.

ಅಡ್ಡ ಅಳತೆ ಒಂದೂವರೆ ಮೀಟರ್ ದಾಟಿತು. ಬಿದ್ದ ಹೊಡೆತಕ್ಕೆ ಒಂದು ಪಕ್ಕ ಸೀಳಿತ್ತು, ಅದರಿಂದ ಒಳಗೆಲ್ಲ ಕಂಡಿತು. ಕೆಳಗೆ ದಪ್ಪ ಕಡ್ಡಿಗಳ ತಳ, ಪಾಯ ಅನ್ನಿ. ಅದರ ಮೇಲೆ ಸುತ್ತ ಗೋಡೆ. ಗೋಡೆ ಮೇಲೆ ಗುಮ್ಮಟದ ಹಾಗೆ ಛಾವಣಿ. ಛಾವಣಿಯ ದಪ್ಪ ನನ್ನ ಮೊಣಕೈವರೆಗೆ ಬಂತು. ಒಂದು ಗೂಡಿಗೆ ಎಂಟರಿಂದ ಹತ್ತು ಸಾವಿರ ಕಡ್ಡಿ ಬೇಕು ಅಂತ ಲೆಕ್ಕ ಹಾಕಿದವರಿದ್ದಾರೆ. ನಾನು ನೂರರವರೆಗೆ ಎಣಿಸಿ ಬಿಟ್ಟೆ. ಕಡ್ಡಿಗೆ ಕಡ್ಡಿ ಎಷ್ಟು ಬಿಗಿಯಾಗಿ ಸಿಕ್ಕಿಸಿತ್ತು ಅಂದರೆ ಒಂದು ಎಳೆದರೆ ಹತ್ತು ಅಲ್ಲಾಡುತ್ತಿದ್ದವು, ಆದರೆ ಒಂದೂ ಕಳಚುತ್ತಿರಲಿಲ್ಲ. ತಂತಿ ಕಟ್ಟಿಲ್ಲ, ವೆಲ್ಡಿಂಗ್ ಇಲ್ಲ. ಗಟ್ಟಿ ಗೂಡಿನ ಮೇಲೆ ಆಳು ಹತ್ತಿ ನಿಂತರೂ ತಡೆಯುತ್ತೆ ಅಂತಾರೆ. ನಂಬುತ್ತೇನೆ.

ಬಾಗಿಲು ಇನ್ನೂ ಚಂದ. ಅದು ಇರೋದು ಕೆಳಗಡೆ ಪಕ್ಕದಲ್ಲಿ, ನೀರಿನ ಕಡೆ ಮುಖ ಮಾಡಿ. ಅಗಲ ಹದಿನೈದು ಸೆಂ.ಮೀ. ಆಸುಪಾಸು. ಅಲ್ಲಿಂದ ಮೊಳದುದ್ದದ ಸುರಂಗ ಮೇಲಕ್ಕೆ ಹೋಗಿ ಕೋಣೆಗೆ ಸೇರುತ್ತೆ. ಸುರಂಗಕ್ಕೂ ಕೋಣೆಗೂ ಕೆಸರಿನ ಗಿಲಾವು. ಕೈ ಒಳಗೆ ಬಿಟ್ಟು ಸವರಿದೆ. ಒಣಗಿದ ಎರೆಮಣ್ಣು, ನಮ್ಮವ್ವ ಸಗಣಿ ಸಾರಿಸಿದ ನೆಲದ ಹಾಗೆ ನುಣುಪು. ಒಂದು ಕಡೆ ಗೀರುಗಳಿದ್ದವು. ಕೊಕ್ಕಿನ ತುದಿ ಎಳೆದ ಗುರುತು ಇರಬೇಕು, ಕರಣೆ ಬಿಟ್ಟ ಗೆರೆ ಉಳಿದುಕೊಳ್ಳುತ್ತಲ್ಲ ಹಾಗೆ. ಅಷ್ಟು ದೊಡ್ಡ ಮನೆಯಲ್ಲಿ ಕೋಣೆ ಮಾತ್ರ ಪುಟ್ಟದು. ಅಪ್ಪ, ಅವ್ವ, ಮಕ್ಕಳು ಒತ್ತಿಕೊಂಡು ಕೂರಬಹುದು, ಅಷ್ಟೇ. ಉಳಿದಿದ್ದೆಲ್ಲ ಗೋಡೆ!

ಛಾವಣಿ ಮೇಲೆ ಅಲಂಕಾರ ಬೇರೆ. ಮೂಳೆ ಚೂರು, ಚರ್ಮದ ತುಂಡು, ಹರಿದ ಲುಂಗಿಯಂಥ ಬಟ್ಟೆ, ಪ್ಲಾಸ್ಟಿಕ್. ಅಕ್ಕಿ ಚೀಲದ ಹೊಲಿಗೆ ದಾರ ಒಂದು ಮಾರು. ಅದರ ನಡುವೆ ನಮ್ಮ ಮಿಲ್ಲಿನ ವಿ-ಬೆಲ್ಟ್ ತುಂಡು, ಗೇಣುದ್ದ. ಫೆಬ್ರವರಿಯಲ್ಲಿ ನಾನೇ ಕತ್ತರಿಸಿ ಎಸೆದಿದ್ದು. ಗುರುತು ಸಿಕ್ಕಿತು, ಯಾಕಂದರೆ ಅದರ ಮೇಲೆ ಬಿಳಿ ಪೇಂಟಿನಲ್ಲಿ ನಾನು ಹಾಕಿದ್ದ ಮೂರನೇ ನಂಬರ್ ಹಾಗೇ ಇತ್ತು. ಗೂಡು ಪೂರ್ತಿಯಾದ ಮೇಲೂ ಈ ಹಕ್ಕಿಗೆ ಕೈ ಸುಮ್ಮನಿರಲ್ಲ. ಏನಾದರೂ ತಂದು ಮೇಲೆ ಹೇರುತ್ತಲೇ ಇರುತ್ತೆ.

ಮನೆ ಹೋಯಿತಲ್ಲ, ಪಾಪ ಏನು ಮಾಡುತ್ತವೋ ಅಂದುಕೊಂಡೆ. ಮೇ ಮೊದಲ ವಾರ ಅದೇ ಮರದ ಇನ್ನೊಂದು ಕವಲಿಗೆ ಕಡ್ಡಿ ಸಾಗಿಸೋಕೆ ಶುರು. ಎರಡೂ ಸೇರಿ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದೆ. ಜುಲೈ ಕೊನೆಗೆ ಛಾವಣಿ ಮುಗಿಯಿತು. ಹನ್ನೆರಡು ವಾರ. ಆಮೇಲೆ ಕೊಕ್ಕಿನಲ್ಲಿ ಕೆಸರು ತಂದು ಗಿಲಾವು. ದಾವಣಗೆರೆಯಲ್ಲಿ ನನ್ನ ಮನೆ ಮೇಲಿನ ಕೆಲಸ ಆ ಹೊತ್ತಿಗೆ ಪ್ಲಾಸ್ಟರಿಂಗೂ ಆಗದೆ ನಿಂತಿತ್ತು. ನಮ್ಮನೆಯಾಕೆ ಫೋನಿನಲ್ಲಿ "ಗಾರೆಯವರು ಮೂರು ದಿನದಿಂದ ಬಂದಿಲ್ಲರೀ" ಅನ್ನುತ್ತಿದ್ದಳು. ನಾನು ಇಲ್ಲಿ ನೋಡು, ಇವು ಭಾನುವಾರವೂ ಬಿಡಲ್ಲ ಅಂತಿದ್ದೆ. ಅವಳಿಗೆ ಯಾರ ಬಗ್ಗೆ ಹೇಳುತ್ತಿದ್ದೀನಿ ಅಂತ ಅರ್ಥವಾಗುತ್ತಿರಲಿಲ್ಲ.

ದುಡ್ಡು ಕಳಿಸೋಕೆ ನನಗೂ ಆಗಿರಲಿಲ್ಲ. ಜೂನ್‌ನಲ್ಲಿ ಎಲಿವೇಟರಿನ ಮೇಲಿನ ಬೇರಿಂಗ್ ಜಾಮ್ ಆಗಿ ಮಿಲ್ ನಾಲ್ಕು ದಿನ ನಿಂತಿತು. ಆ ಬೇರಿಂಗ್ ಶಬ್ದ ಮಾಡುತ್ತಿದೆ, ಹೊಸದು ತರಿಸಿ ಅಂತ ಇಪ್ಪತ್ತು ದಿನ ಮೊದಲೇ ಬರೆದುಕೊಟ್ಟಿದ್ದೆ. ಚೀಟಿ ಎಲ್ಲಿ ಹೋಯಿತೋ. ಮ್ಯಾನೇಜರು ಮೇಲಿನವರಿಗೆ ಫುಂಡಿ ಗ್ರೀಸ್ ಹಾಕಿರಲಿಲ್ಲ ಅಂದುಬಿಟ್ಟರು. ಪೂರ್ತಿ ಗೂಬೆ ನನ್ನ ಮೇಲೆ ಕೂತಿತು. ಎರಡು ತಿಂಗಳ ಸಂಬಳ ಹಿಡಿದರು. ಆಮೇಲೆ ಒಂದು ತಿಂಗಳದ್ದು ಕೊಟ್ಟರು, ಇನ್ನೊಂದು ಇವತ್ತಿಗೂ ಬಂದಿಲ್ಲ. ಹೆಸರು ಹೇಳಿ ಏನಾಗಬೇಕು, ಬಿಡಿ. ಆ ಸಂಜೆಗಳಲ್ಲಿ ಕಾಲುವೆ ಹತ್ತಿರ ಸುಮ್ನೆ ಕೂತು ಹಕ್ಕಿ ಕಡ್ಡಿ ಇಡೋದು ನೋಡುತ್ತಿದ್ದೆ. ಒಂದು ಕಡ್ಡಿ ಸರಿ ಕೂರದಿದ್ದರೆ ಮೋಟ ಅದನ್ನು ಕಿತ್ತು, ತಿರುಗಿಸಿ, ಮತ್ತೆ ತೂರಿಸುತ್ತಿತ್ತು. ಅದರ ಮೇಲೆ ಮ್ಯಾನೇಜರ್ ಇರಲಿಲ್ಲ.

ಇದರ ನಡುವೆ ಅವುಗಳ ಕುಣಿತ. ಒಂದು ದಿನ ಏರಿ ಮೇಲೆ ಎಂಟು ಹಕ್ಕಿ ಸೇರಿದ್ದವು. ಜುಟ್ಟು ಕೆದರಿಕೊಂಡು, ರೆಕ್ಕೆ ಪಟಪಟ ಬಡಿಯುತ್ತಾ, ಒಂದರ ಸುತ್ತ ಒಂದು ಓಡುತ್ತಾ, ಕಿರುಚಾಟ ಅಂದರೆ ಕಿರುಚಾಟ. ಒಂದು ಇನ್ನೊಂದರ ಬೆನ್ನೇರಿ ನಿಲ್ಲುತ್ತಿತ್ತು. ಅದು ಜೋಡಿಯಾಗೋದಲ್ಲ, ಬರೀ ಏರಿ ನಿಲ್ಲೋದು. ಗಂಡು ಹೆಣ್ಣಿನ ಮೇಲೇ ಹತ್ತಬೇಕು ಅಂತ ನಿಯಮವೂ ಇಲ್ಲ, ಗಂಡ ಹೆಂಡತಿಯೇ ಆಗಿರಬೇಕು ಅಂತಲೂ ಇಲ್ಲ. ಒಂಟಿ ಹಕ್ಕಿಯೋ ಜೋಡಿಯೋ ಇದ್ದಾಗ ಬಾಯೇ ಬಿಡದ ಹಕ್ಕಿ, ಗುಂಪು ಸೇರಿದರೆ ಇಷ್ಟು ಗಲಾಟೆ. ನಮ್ಮೂರ ತೇರಿನ ದಿನ ನನ್ನ ಸೋದರಮಾವನೂ ಹೀಗೇ.

ಆಗಸ್ಟ್ ಕೊನೆಗೆ ಒಂದು ಸದಾ ಒಳಗೆ, ಒಂದು ಹೊರಗೆ ಇರತೊಡಗಿತು. ಮೊಟ್ಟೆ ಇಟ್ಟಿವೆ ಅಂದ ಹುಡುಗ. ಒಂದು ಸಲಕ್ಕೆ 3ರಿಂದ 7 ಮೊಟ್ಟೆ. ಇಟ್ಟಾಗ ಬಿಳಿ, ಬರಬರುತ್ತಾ ಕೆಸರಿನ ಕಲೆ ಹತ್ತುತ್ತೆ. ಕಾವು ಕೂರುವ ಕೆಲಸ ಗಂಡಿಗೂ ಹೆಣ್ಣಿಗೂ ಪಾಳಿ, ಸುಮಾರು 30 ದಿನ. ಮೊಟ್ಟೆ ಎಲ್ಲ ಒಂದೇ ದಿನ ಇಡಲ್ಲ, ಅದಕ್ಕೆ ಮರಿಗಳೂ ಒಂದೇ ದಿನ ಒಡೆಯಲ್ಲ. ಹಿರಿಯ, ಕಿರಿಯ ಅಂತ ಇರುತ್ತವೆ. ಅಕ್ಟೋಬರ್‌ನಲ್ಲಿ ಬಾಯಲ್ಲಿ ಕಪ್ಪೆ ಕಚ್ಚಿಕೊಂಡು ಒಳಗೆ ಹೋಗೋದು ಕಂಡಿತು. ಆ ಬಾಗಿಲಿಗೆ ನುಗ್ಗುವ ರೀತಿ ನೋಡಬೇಕು. ಕೆಳಗಿನಿಂದ ವೇಗವಾಗಿ ಹಾರಿ ಬಂದು, ಕೊನೇ ಗಳಿಗೆಯಲ್ಲಿ ರೆಕ್ಕೆ ಮಡಚಿ, ಸುಯ್ ಅಂತ ಒಳಗೆ. ಒಂದು ಸಲವೂ ಗುರಿ ತಪ್ಪಿದ್ದು ನೋಡಲಿಲ್ಲ.

ಒಂದು ವಿಷಯ ಮೊದಲು ತಪ್ಪು ತಿಳಿದುಕೊಂಡಿದ್ದೆ. ಗಂಟೆಗಟ್ಟಲೆ ಎರಡೂ ಹಕ್ಕಿ ಗೂಡಿನ ಕಡೆ ಸುಳಿಯುತ್ತಿರಲಿಲ್ಲ. ಎಂಥ ಅಪ್ಪ ಅವ್ವ ಇವು, ಮರಿ ಬಿಟ್ಟು ಊರು ಸುತ್ತುತ್ತವಲ್ಲ ಅಂತ ಬೈದುಕೊಂಡೆ. ಬೇರೆ ನೀರಹಕ್ಕಿಗಳು ಮರಿ ಸಣ್ಣದಿದ್ದಾಗ ಹೀಗೆ ಬಿಡಲ್ಲ. ಇವುಗಳಿಗೆ ಆ ದಪ್ಪ ಗೋಡೆಯೇ ಧೈರ್ಯ ಇರಬೇಕು. ಬಿಸಿಲು ತಾಗಲ್ಲ, ಮಳೆ ಸೋರಲ್ಲ, ಹದ್ದು ಎರಗೋಕೆ ಆಗಲ್ಲ. ಅಷ್ಟು ಗೋಡೆ ಯಾಕೆ ಅಂತ ಏಪ್ರಿಲ್‌ನಲ್ಲಿ ಟೇಪ್ ಹಿಡಿದು ನಕ್ಕಿದ್ದೆನಲ್ಲ, ಉತ್ತರ ಅಕ್ಟೋಬರ್‌ನಲ್ಲಿ ಸಿಕ್ಕಿತು. ಅವು ಕಟ್ಟಿದ್ದು ಮನೆಯನ್ನೂ ಹೌದು, ಮಕ್ಕಳನ್ನು ನೋಡಿಕೊಳ್ಳುವ ಆಯಾಳನ್ನೂ ಹೌದು.

ಮರಿ ಹಾರೋಕೆ 44ರಿಂದ 50 ದಿನ. ನವೆಂಬರ್ ಮಧ್ಯದಲ್ಲಿ ಒಂದು ಬೆಳಗ್ಗೆ ಬಾಗಿಲಲ್ಲಿ ಪುಟ್ಟ ಸುತ್ತಿಗೆ ಕಂಡಿತು. ಕೆಳಗೆ ನೀರು ನೋಡಿ ಒಳಗೆ ಹೋಯಿತು. ಮತ್ತೆ ಬಂತು. ನಾನು ಶಿಫ್ಟಿಗೆ ಹೋಗಬೇಕಿತ್ತು, ಹೋದೆ. ಸಂಜೆ ಬಂದಾಗ ಮೂರು ಮರಿ ಕೊಂಬೆ ಮೇಲೆ ಕೂತಿದ್ದವು. ಹಾರುವುದನ್ನು ನೋಡೋದು ತಪ್ಪಿತು. ಹಾರೋದು ಕಲಿತ ಮೇಲೂ ರಾತ್ರಿ ಮಲಗೋಕೆ ಅದೇ ಗೂಡಿಗೆ ಬರುತ್ತವೆ, ಒಂದೆರಡು ತಿಂಗಳು. ಡಿಸೆಂಬರ್ ಮೊದಲ ವಾರ ನಾನು ಹೊರಡುವಾಗಲೂ ಬರುತ್ತಿದ್ದವು.

ಮತ್ತೆ, ಮೋಟ ಮತ್ತು ಜೊತೆಗಾರ? ಅಷ್ಟರಲ್ಲಿ ಆಚೆ ಮರದಲ್ಲಿ ಇನ್ನೊಂದಕ್ಕೆ ಪಾಯ ಹಾಕಿದ್ದವು! ಮೊಟ್ಟೆ ಇಡಲಿ ಬಿಡಲಿ, ವರ್ಷಕ್ಕೆ ಮೂರರಿಂದ ಐದು ಗೂಡು ಕಟ್ಟುವ ಚಟ ಇವಕ್ಕೆ. ಕಟ್ಟಿದ್ದರಲ್ಲಿ ಎಷ್ಟೋ ಖಾಲಿ. ಖಾಲಿ ಬಿದ್ದರೆ ಬಿಡುವವರು ಯಾರು? ಜೇನು, ಉಡ, ಹಾವು, ಪುನುಗಿನಂಥ ಪ್ರಾಣಿ, ಬಾತು, ಪಾರಿವಾಳ, ಗೂಬೆ. ನೇಕಾರ ಹಕ್ಕಿಗಳು ಹೊರಗೋಡೆಗೇ ತಮ್ಮ ಗೂಡು ನೇತುಹಾಕಿಕೊಳ್ಳುತ್ತವೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬರುತ್ತೆ ಅಂತ ನಾವು ಒಂದು ಹಾವಿಗೆ ಬೇಜಾರು ಮಾಡಿಕೊಳ್ಳುತ್ತೀವಿ. ಇಲ್ಲಿ ಇಡೀ ಊರೇ ಬಂದು ಸೇರುತ್ತೆ. ಕೆಲವು ಸಲ ಖಾಲಿಯಾಗುವವರೆಗೂ ಕಾಯಲ್ಲ, ಕಟ್ಟಿದವರನ್ನೇ ಓಡಿಸುತ್ತವೆ.

ಊರಿಗೆ ಬಂದ ಮೇಲೆ ಒಂದು ಭಾನುವಾರ ಮಲೇಬೆನ್ನೂರಿನ ಕಾಲುವೆ ಏರಿಗೆ ಹೋದೆ. ಈಚಲು ಮರದಲ್ಲಿ ಗೀಜಗನ ಗೂಡು ತೂಗಾಡುತ್ತಿದ್ದವು. ಚಿಕ್ಕಂದಿನಿಂದ ನೋಡಿದ್ದೇ. ಈ ಸಲ ಲೆಕ್ಕ ಬೇರೆ ಇತ್ತು. ಗೀಜಗನದು ಕುಸುರಿ ಕೆಲಸ, ಅಕ್ಕಸಾಲಿಯದು. ಒಂದು ಹುಲ್ಲೆಳೆ ಹೆಚ್ಚಿಲ್ಲ. ಮೋಟನದು ಕಮ್ಮಾರನ ಕೆಲಸ. ಎಲ್ಲಾ ಜಾಸ್ತಿ, ಎಲ್ಲಾ ದಪ್ಪ. ನನಗೆ ಯಾವುದು ಇಷ್ಟ ಅಂತ ಕೇಳಿದರೆ ಹೇಳೋದು ಕಷ್ಟ ಅಲ್ಲ. ಜಾತಿಯವರನ್ನು ಬಿಟ್ಟುಕೊಡೋಕೆ ಆಗುತ್ತಾ?

ನನ್ನ ಮನೆ ಮೇಲಿನ ಅಂತಸ್ತೂ ಕೊನೆಗೆ ಮುಗಿಯಿತು. ಎರಡು ರೂಮು, ಅಡುಗೆಮನೆ, ಬಾಲ್ಕನಿ. ಮಗನಿಗೆ ಅಂತ ಕಟ್ಟಿದ್ದು. ಮಗ ಬೆಂಗಳೂರು ಬಿಟ್ಟು ಬರಲ್ಲ. ನಮ್ಮನೆಯಾಕೆ ಟು-ಲೆಟ್ ಬೋರ್ಡ್ ಹಾಕೋಣ ಅಂತಾಳೆ. ನಾನು ನೋಡೋಣ ಅಂತೀನಿ. ಹೀಗೇ ಎರಡು ಮಳೆಗಾಲ ಹೋದವು.

ಹೋದ ತಿಂಗಳು ಆ ಹೆಲ್ಪರ್ ಹುಡುಗ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಅವನೇ ಈಗ ಅಲ್ಲಿ ಫುಂಡಿ. ಮುಗುಮೋ ಮರ, ನಾನು ದಿನ ಎಣಿಸಿದ್ದ ಅದೇ ಕವಲು, ಅದೇ ಬಣವೆ. ಅದರ ಮೇಲೆ ದೊಡ್ಡ ಗೂಬೆಯೊಂದು ಕಣ್ಣು ಮುಚ್ಚಿ ಕೂತಿದೆ. ರೆಪ್ಪೆ ಗುಲಾಬಿ ಬಣ್ಣ, ಕ್ರೀಮ್ ಹಚ್ಚಿದ ಹಾಗೆ. ಮೊಟ್ಟೆ ಇಟ್ಟಿದೆಯಂತೆ. ನಾನು ನಕ್ಕೂ ನಕ್ಕೂ ಫೋನನ್ನು ನಮ್ಮನೆಯಾಕೆ ಕೈಗೆ ಕೊಟ್ಟು, ನೋಡು, ಇವನ ಮೇಲೂ ಗೂಬೆ ಕೂರಿಸಿಬಿಟ್ಟರು ಅಂದೆ.

ಅವಳು ನಗಲಿಲ್ಲ. ಗೂಬೆ ಹೊಕ್ಕ ಮನೆ ಅಂದರೆ ಅವಳಿಗೆ ಆಗಲ್ಲ. ಫೋನು ವಾಪಸ್ ಕೊಟ್ಟು, "ಏನ್ರೀ, ಮೇಲಿನ ಬಾಲ್ಕನಿ ಕಿಟಕಿಗೆ ಇನ್ನೂ ಜಾಲರಿ ಹಾಕಿಸಿಲ್ಲ ನೀವು" ಅಂದಳು. ಟೇಪ್ ತೆಗೆದುಕೊಂಡು ಮೇಲೆ ಹೋದೆ. ಮೂರಡಿಗೆ ನಾಲ್ಕಡಿ. ಸಜ್ಜೆ ಮೇಲೆ ಪಾರಿವಾಳ ಆಗಲೇ ನಾಲ್ಕು ಕಡ್ಡಿ ತಂದಿಟ್ಟಿತ್ತು.